ಥೇಮ್ಸ್ ದಂಡೆಯ ಬೇಲಿಯಿಲ್ಲದ ಸಂತೆ

ಡಿಸೆಂಬರ್ ಬಂತೆಂದರೆ ಲಂಡನ್‌ಗೆ ಬರುವ ಪರಿಚಯದವರೆಲ್ಲ ಕೇಳುವುದು ಒಂದೇ: "ಯಾವ ಕ್ರಿಸ್‌ಮಸ್ ಮಾರ್ಕೆಟ್‌ಗೆ ಹೋಗೋಣ?" ಹೈಡ್ ಪಾರ್ಕಿನದು ದೊಡ್ಡದು. ಜಯಂಟ್ ವೀಲ್, ಸರ್ಕಸ್, ಐಸ್ ಸ್ಕೇಟಿಂಗ್ ಎಲ್ಲ ಇದೆ. ಆದರೆ ಸುತ್ತ ಬೇಲಿ ಇದೆ, ಗೇಟ್ ಇದೆ, ಮುಂಚೆಯೇ ಹೊತ್ತು ಗೊತ್ತುಮಾಡಿ ಟಿಕೆಟ್ ತೆಗೆದುಕೊಳ್ಳಬೇಕು. ನಾನು ಹೇಳುವುದು ಸೌತ್‌ಬ್ಯಾಂಕ್. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ರಾಯಲ್ ಫೆಸ್ಟಿವಲ್ ಹಾಲ್ ಎಂಬ ಸಂಗೀತ ಸಭಾಂಗಣದ ಎದುರಿಗೆ, ಸಾಲಾಗಿ ಮರದ ಗೂಡಂಗಡಿಗಳು. ಅಷ್ಟೇ. ತುಂಬ ಚಿಕ್ಕದು. ಆದರೂ ನನಗೆ ಇದೇ ಇಷ್ಟ. ಯಾಕೆ ಇಷ್ಟ ಅನ್ನುವುದನ್ನು ಒಂದು ಸಲ ಕೂತು ಬರೆದುಬಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಹೋಗುವುದಾದರೆ ಎಂಬ್ಯಾಂಕ್‌ಮೆಂಟ್ ಸ್ಟೇಷನ್‌ನಲ್ಲಿ ಇಳಿದು, ಸೇತುವೆ ದಾಟಿಕೊಂಡೇ ಹೋಗಿ. ವಾಟರ್‌ಲೂ ಸ್ಟೇಷನ್ ಇನ್ನೂ ಹತ್ತಿರ, ನಿಜ. ಆದರೆ ಆ ಕಡೆಯಿಂದ ಬಂದರೆ ಸಂತೆಯ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಹಂಗರ್‌ಫರ್ಡ್ ರೈಲು ಸೇತುವೆಯ ಎರಡೂ ಮಗ್ಗುಲಿಗೆ 2002ರಲ್ಲಿ ಕಟ್ಟಿ ಮುಗಿಸಿದ ಕಾಲುಸೇತುವೆಗಳಿವೆ. ಪೂರ್ವದ ಕಡೆಯದನ್ನು ಹಿಡಿಯಿರಿ. ಡಿಸೆಂಬರ್ ನಡುವಿನಲ್ಲಿ ಇಲ್ಲಿ ನಾಲ್ಕು ಗಂಟೆಗೂ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಹಗಲು ಪೂರಾ ಎಂಟು ಗಂಟೆಯೂ ಇರುವುದಿಲ್ಲ. ಮೂರೂವರೆಗೆ ಸೇತುವೆ ಹತ್ತಿದರೆ ಸಾಕು. ಆಚೆ ದಡ ತಲುಪುವಷ್ಟರಲ್ಲಿ ಆಕಾಶ ಬೂದಿಯಿಂದ ಕಪ್ಪಿಗೆ ತಿರುಗಿರುತ್ತದೆ, ಅಂಗಡಿಗಳ ಹಳದಿ ದೀಪಗಳು ನೀರಿನಲ್ಲಿ ಉದ್ದುದ್ದ ಗೆರೆ ಎಳೆದಿರುತ್ತವೆ.

ಸೇತುವೆ ನಡುವೆ ಒಂದು ನಿಮಿಷ ನಿಂತು ನೀರು ಯಾವ ಕಡೆಗೆ ಹೋಗುತ್ತಿದೆ ನೋಡಿ. ಒಂದು ಸಲ ಪೂರ್ವಕ್ಕೆ, ಇನ್ನೊಂದು ಸಲ ಪಶ್ಚಿಮಕ್ಕೆ. ಸಮುದ್ರದ ಉಬ್ಬರ ಇಳಿತ ಊರಿನ ನಡುವಿನವರೆಗೂ ಬರುತ್ತದೆ. ದಿನಕ್ಕೆರಡು ಸಲ ನೀರು ಏಳು ಮೀಟರ್‌ವರೆಗೂ ಏರಿ ಇಳಿಯುತ್ತದೆ. ಇಳಿತದ ಹೊತ್ತಿಗೆ ಗೇಬ್ರಿಯಲ್ಸ್ ವಾರ್ಫ್ ಹತ್ತಿರ ಮರಳಿನ ದಂಡೆಯೇ ಎದ್ದು ಬರುತ್ತದೆ. ಆರು ಗಂಟೆ ಬಿಟ್ಟು ಬಂದರೆ ಅಲ್ಲಿ ಮರಳೇ ಇಲ್ಲ, ಗೋಡೆಗೆ ನೀರು ಬಡಿಯುತ್ತಿರುತ್ತದೆ.

ಇನ್ನು ಸಂತೆ. ಮೊದಲು ಮೂಗಿಗೆ ಬಡಿಯುವುದು ಚಕ್ಕೆ ಲವಂಗದ ಘಮ. ಮಲ್ಡ್ ವೈನ್ ಮಾಡುವ ದೊಡ್ಡ ಪಾತ್ರೆಯಿಂದ ಬರುವ ಹಬೆ ಅದು. ಕೆಂಪು ವೈನಿಗೆ ಸಕ್ಕರೆ, ಕಿತ್ತಳೆ ಹೋಳು, ಚಕ್ಕೆ, ಲವಂಗ, ಜಾಯಿಕಾಯಿ, ನಕ್ಷತ್ರಮೊಗ್ಗು ಹಾಕಿ ಬಿಸಿ ಮಾಡುತ್ತಾರೆ. ಕುದಿಯಲು ಮಾತ್ರ ಬಿಡುವುದಿಲ್ಲ. ಕುದಿದರೆ ಮದ್ಯ ಹಬೆಯಾಗಿ ಹೋಗುತ್ತದೆ, ಮಸಾಲೆ ಕಹಿಯಾಗುತ್ತದೆ. ಕುಡಿಯದವರಿಗೆ ಸೇಬಿನ ರಸವನ್ನು ಇದೇ ಮಸಾಲೆ ಹಾಕಿ ಕಾಯಿಸಿ ಕೊಡುತ್ತಾರೆ. ನನಗೆ ಅದೇ ಜಾಸ್ತಿ ರುಚಿ. ಈ ಮಸಾಲೆಯೆಲ್ಲ ಒಂದು ಕಾಲಕ್ಕೆ ಇದೇ ನದಿಯಲ್ಲಿ ಹಡಗೇರಿ ಬಂದದ್ದು. ಇಲ್ಲಿಂದ ಪೂರ್ವಕ್ಕೆ ಹೋದರೆ, ಟವರ್ ಬ್ರಿಡ್ಜ್ ಮಗ್ಗುಲಲ್ಲಿ, ಚಹಾ ಮತ್ತು ಮಸಾಲೆ ತುಂಬಿಡುತ್ತಿದ್ದ ಬಟ್ಲರ್ಸ್ ವಾರ್ಫ್ ಗೋದಾಮುಗಳು ಇನ್ನೂ ನಿಂತಿವೆ. ಈಗ ಅವೆಲ್ಲ ಅಪಾರ್ಟ್‌ಮೆಂಟ್‌ಗಳು.

ನಾನು ಜಾಸ್ತಿ ಹೊತ್ತು ನಿಲ್ಲುವುದು ಚೆಸ್ಟ್‌ನಟ್ ಹುರಿಯುವವರ ಮುಂದೆ. ಹೋದ ಡಿಸೆಂಬರ್‌ನಲ್ಲಿ ಸೇತುವೆಯ ಬುಡದಲ್ಲಿ ಒಬ್ಬ ಹೆಂಗಸು ಕೂತಿದ್ದರು. ಬೆರಳಿನ ತುದಿ ಕತ್ತರಿಸಿದ ಉಣ್ಣೆಯ ಕೈಗವಸು. ಬಲಗೈಯಲ್ಲಿ ಮೋಟು ಚಾಕು. ಒಂದೊಂದೇ ಕಾಯಿ ಎತ್ತಿ, ಚಪ್ಪಟೆ ಮೈಯನ್ನು ಹೆಬ್ಬೆರಳಿಗೆ ಒತ್ತಿ, ಉಬ್ಬಿದ ಕಡೆ ಅಡ್ಡಡ್ಡ ಎರಡು ಗೀರು. ಸಿಪ್ಪೆ ಮಾತ್ರ ಕತ್ತರಿಸಬೇಕು, ತಿರುಳಿಗೆ ತಾಗಬಾರದು. ಗೀರದೆ ಬಾಣಲೆಗೆ ಹಾಕಿದರೆ ಒಳಗಿನ ಹಬೆಗೆ ದಾರಿ ಇಲ್ಲದೆ ಕಾಯಿ ಢಂ ಅಂತ ಸಿಡಿಯುತ್ತದೆ. ಹುರಿದಂತೆ ಆ ಗೀರಿದ ಜಾಗದ ಸಿಪ್ಪೆ ನಾಲ್ಕು ಕಡೆಗೆ ಮುದುರಿಕೊಂಡು ಒಳಗಿನ ಹೊಂಬಣ್ಣ ಕಾಣುತ್ತದೆ. ಅದು ಕಂಡರೆ ಹದ ಬಂತು ಅಂತ ಅರ್ಥ. ಅವರು ನೋಡುತ್ತಿದ್ದದ್ದು ಬಾಣಲೆಯನ್ನಲ್ಲ, ಎದುರಿಗೆ ನಿಂತ ಮಕ್ಕಳನ್ನು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಕಾಗದದ ಪೊಟ್ಟಣ ಕೈಗೆ ಬಂದಾಗ ಮೊದಲು ತಿನ್ನಬೇಕು ಅನಿಸುವುದಿಲ್ಲ, ಸುಮ್ನೆ ಎರಡೂ ಕೈಯಲ್ಲಿ ಹಿಡಿದುಕೊಂಡಿರೋಣ ಅನಿಸುತ್ತದೆ. ರುಚಿ ಹೇಳಬೇಕೆಂದರೆ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜಕ್ಕೆ ಒಂದು ಚೂರು ಸಿಹಿ ಸೇರಿಸಿದಂತೆ.

ಉಳಿದ ಅಂಗಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಣದ ಬತ್ತಿ, ಮರದ ಗೊಂಬೆ, ಉಣ್ಣೆ ಟೋಪಿ, ಗಾಜಿನ ಗುಂಡುಗಳು. ಕರಗಿಸಿದ ಚೀಸ್ ಸುರಿದ ಆಲೂಗಡ್ಡೆ, ಎಣ್ಣೆಯಲ್ಲಿ ಕರಿದು ಸಕ್ಕರೆ ಉದುರಿಸಿದ ಚುರೋಸ್, ಹಾಟ್ ಚಾಕೊಲೇಟ್. ಇವೆಲ್ಲ ಬೇರೆ ಕಡೆಯೂ ಸಿಗುತ್ತವೆ. ಮರದ ಗೂಡಂಗಡಿಯ ಈ ಪದ್ಧತಿಯೇ ಜರ್ಮನಿಯಿಂದ ಬಂದದ್ದು. ಡ್ರೆಸ್‌ಡೆನ್ ಊರಿನ ಸಂತೆ ಶುರುವಾದದ್ದು 1434ರಲ್ಲಿ. ಅದರ ಮುಂದೆ ಸೌತ್‌ಬ್ಯಾಂಕ್‌ನದು ನಿನ್ನೆ ಮೊನ್ನೆ ಹುಟ್ಟಿದ್ದು. "ಎಲ್ಲ ದುಡ್ಡಿನ ಆಟ, ಒಂದು ಲೋಟಕ್ಕೆ ಇಷ್ಟು ಪೌಂಡಾ?" ಅಂತ ಬೈಯುವವರು ಪ್ರತಿ ವರ್ಷ ಇರುತ್ತಾರೆ. ದುಬಾರಿ ಅನ್ನುವುದು ನಿಜವೇ. ಆದರೆ ಹಾಗೆ ಬೈಯುವಾಗ ಒಂದು ಮಾತು ಮರೆತುಹೋಗುತ್ತದೆ. ಇಲ್ಲಿ ಏನೂ ಕೊಳ್ಳದೆ ಇರಬಹುದು. ಒಂದು ಪೆನ್ನಿಯನ್ನೂ ಬಿಚ್ಚದೆ, ದೀಪ ನೋಡಿ, ಘಮ ಮೂಸಿ, ಹಾಡು ಕೇಳಿ, ನದಿಗೆ ಮುಖ ಮಾಡಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಯಾರೂ ಕೇಳುವುದಿಲ್ಲ. ಸಂತೆಯ ಅರ್ಧ ಜನ ಮಾಡುವುದು ಇದನ್ನೇ. ನಾನೂ ಸುಮಾರು ಸಲ ಮಾಡಿದ್ದೇನೆ. ಸಂತೆಗೆ ಗೇಟ್ ಇಲ್ಲದ್ದು ದೊಡ್ಡ ವಿಷಯ ಅಂತ ನನಗೆ ಅನಿಸುತ್ತದೆ.

ಇದೇ ನದಿಯ ಮೇಲೆ ಹಿಂದೆ ನಡೆಯುತ್ತಿದ್ದ ಸಂತೆಗೆ ಗೇಟ್ ಇತ್ತು. ದಂಡೆಯಲ್ಲಿ ಅಲ್ಲ, ನದಿಯ ಮೇಲೆಯೇ ಸಂತೆ. ಥೇಮ್ಸ್ ಆಗ ಕೆಲವು ಚಳಿಗಾಲಗಳಲ್ಲಿ ಹೆಪ್ಪುಗಟ್ಟುತ್ತಿತ್ತು. ಹಳೆಯ ಲಂಡನ್ ಬ್ರಿಡ್ಜ್‌ಗೆ ಹತ್ತಿರ ಹತ್ತಿರ ಇಪ್ಪತ್ತು ಕಿರಿದಾದ ಕಮಾನುಗಳು. ಅವುಗಳ ದಪ್ಪ ಕಂಬಗಳು ಅರ್ಧ ಅಣೆಕಟ್ಟಿನ ಕೆಲಸ ಮಾಡಿ ನೀರಿನ ಓಟ ತಡೆಯುತ್ತಿದ್ದವು. ನದಿಯೂ ಈಗಿನದಕ್ಕಿಂತ ಅಗಲ, ಆಳ ಕಡಿಮೆ. ಚಳಿಯೂ ಈಗಿನದಲ್ಲ. 1683-84ರ ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ನದಿ ಗಟ್ಟಿಯಾಗಿ ನಿಂತಿತ್ತು. ಮಂಜುಗಡ್ಡೆಯ ಮೇಲೆ ಅಂಗಡಿಗಳ ಬೀದಿಯೇ ಎದ್ದಿತು. ಕುದುರೆ ಗಾಡಿಗಳು ಓಡಾಡಿದವು. ಗೊಂಬೆಯಾಟ ನಡೆಯಿತು. ಮುದ್ರಣ ಯಂತ್ರವನ್ನೇ ಮಂಜಿನ ಮೇಲೆ ಎಳೆದು ತಂದು, ಬಂದವರ ಹೆಸರು ಹಾಕಿದ ಚೀಟಿಗಳನ್ನು ಅಲ್ಲೇ ಅಚ್ಚು ಹಾಕಿ ಮಾರಿದರು. 'ನದಿಯ ಮೇಲೆ ಅಚ್ಚಾಯಿತು' ಅನ್ನುವುದೇ ಅದರ ಬೆಲೆ. ದೊರೆ ಎರಡನೇ ಚಾರ್ಲ್ಸ್ ಕೂಡ ಬಂದು ತನ್ನ ಮನೆಯವರ ಹೆಸರಿನ ಚೀಟಿ ಮಾಡಿಸಿಕೊಂಡ.

ಈ ಕಥೆಯಲ್ಲಿ ನನಗೆ ದೊರೆಗಿಂತ ಮುಖ್ಯ ಅನಿಸುವುದು ದೋಣಿಯವರು. ಆಗ ಲಂಡನ್‌ನಲ್ಲಿ ಸೇತುವೆ ಒಂದೇ. ಜನ ನದಿ ದಾಟುತ್ತಿದ್ದದ್ದು ದೋಣಿಯಲ್ಲಿ. ಸಾವಿರಾರು ಮಂದಿಗೆ ಹುಟ್ಟು ಹಾಕುವುದೇ ಹೊಟ್ಟೆಪಾಡು. ನದಿ ಹೆಪ್ಪುಗಟ್ಟಿದ ದಿನ ಅವರ ಕೆಲಸ ನಿಂತುಹೋಯಿತು. ಅವರೇನು ಮಾಡಿದರು? ದೋಣಿಯ ಬಟ್ಟೆಯಿಂದ ಡೇರೆ ಹಾಕಿದರು. ಮಂಜಿನ ಅಂಚಿನಲ್ಲಿ ಹಲಗೆ ಇಟ್ಟು, ಅದನ್ನು ದಾಟಿ ಒಳಗೆ ಬರುವವರಿಂದ ಸುಂಕ ತೆಗೆದುಕೊಂಡರು. 1814ರಲ್ಲಿ ಆ ಸುಂಕ ಎರಡು ಮೂರು ಪೆನ್ಸ್. ಬಂದವರಿಗೆ ಅದು ಬೇಲಿಯೇ ಇರಬಹುದು. ಅದನ್ನು ಹಾಕಿದವರು ಮಾತ್ರ ಅನ್ನ ಕಳೆದುಕೊಂಡವರು. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಹಬ್ಬದ ಹಿಂದೆ ಯಾರದೋ ಕೆಲಸವಿಲ್ಲದ ಚಳಿಗಾಲ ಇತ್ತು ಅಂತ ಗೊತ್ತಾದ ಮೇಲೆ, ಈಗಿನ ಗೂಡಂಗಡಿಯ ಒಳಗೆ ಕಾಲು ಬಡಿಯುತ್ತಾ ನಿಂತವರನ್ನು ನೋಡುವ ರೀತಿಯೇ ಬದಲಾಯಿತು. ಅವರಲ್ಲಿ ಎಷ್ಟೋ ಜನ ಈ ಕೆಲವು ವಾರದ ದುಡಿಮೆಯನ್ನೇ ನಂಬಿಕೊಂಡಿರುತ್ತಾರೆ ಅಲ್ವಾ?

1814ರ ಫೆಬ್ರವರಿಯದೇ ಕೊನೆಯ ಮಂಜಿನ ಸಂತೆ. ನಾಲ್ಕೈದು ದಿನ ನಡೆಯಿತು. ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಹತ್ತಿರ ಆನೆಯೊಂದನ್ನು ಮಂಜಿನ ಮೇಲೆ ನಡೆಸಿಕೊಂಡು ನದಿ ದಾಟಿಸಿದರು. ಒಂದು ಕಡೆ ಕುರಿ ಸುಡುತ್ತಿದ್ದರು. ಸುಡುವುದನ್ನು ನೋಡಲು ಆರು ಪೆನ್ಸ್, ತುಂಡು ಬೇಕಾದರೆ ಒಂದು ಶಿಲ್ಲಿಂಗ್. ನೋಡುವುದಕ್ಕೂ ದುಡ್ಡು! ಆಮೇಲೆ ಮಂಜು ಒಡೆಯಿತು, ಕೆಲವರು ಮುಳುಗಿ ಸತ್ತರು. 1831ರಲ್ಲಿ ಹೊಸ ಲಂಡನ್ ಬ್ರಿಡ್ಜ್ ಬಂತು, ಹಳೆಯದನ್ನು ಕೆಡವಿದರು, ನೀರಿನ ಓಟ ಜೋರಾಯಿತು. ಬಳಿಕ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ಎರಡೂ ಕಡೆ ಕಲ್ಲಿನ ಏರಿ ಕಟ್ಟಿ ನದಿಯನ್ನು ಕಿರಿದು ಮಾಡಿದರು. ಊರ ನಡುವೆ ಥೇಮ್ಸ್ ಮತ್ತೆ ಆ ರೀತಿ ಹೆಪ್ಪುಗಟ್ಟಲಿಲ್ಲ.

ಸೌತ್‌ಬ್ಯಾಂಕ್ ದಂಡೆ ಎಲ್ಲರದೂ ಆದದ್ದು ತಾನಾಗಿ ಅಲ್ಲ. ಒಂದು ಕಾಲಕ್ಕೆ ಇಲ್ಲಿ ಕಾರ್ಖಾನೆ, ಗೋದಾಮು, ಬಿಯರ್ ಬಟ್ಟಿ. ಜನ ನದಿ ನೋಡಬೇಕೆಂದರೆ ಉತ್ತರ ದಂಡೆಗೇ ಹೋಗಬೇಕಿತ್ತು. ಯುದ್ಧ ಮುಗಿದ ಮೇಲೆ, 1951ರಲ್ಲಿ, ಸೋತು ಸುಣ್ಣವಾಗಿದ್ದ ಊರಿಗೆ ಒಂದು ಚೂರು ಸಂತೋಷ ಇರಲಿ ಅಂತ ಇಲ್ಲಿ ಫೆಸ್ಟಿವಲ್ ಆಫ್ ಬ್ರಿಟನ್ ಎಂಬ ದೊಡ್ಡ ಪ್ರದರ್ಶನ ಮಾಡಿದರು. ಯುದ್ಧಕಾಲದ ರೇಷನ್ ಪದ್ಧತಿ ಇನ್ನೂ ಮುಗಿದಿರಲಿಲ್ಲ ಆಗ. ಅದೇ ವರ್ಷ ಸರ್ಕಾರ ಬದಲಾಗಿ ಬಹುತೇಕ ಕಟ್ಟಡಗಳನ್ನು ಕೆಡವಿಬಿಟ್ಟರು. ಉಳಿದದ್ದು ರಾಯಲ್ ಫೆಸ್ಟಿವಲ್ ಹಾಲ್. 1983ರಲ್ಲಿ ಅದರ ಮೊಗಸಾಲೆಯನ್ನು ಹಗಲಿಡೀ ಎಲ್ಲರಿಗೂ ತೆರೆದರು. ಟಿಕೆಟ್ ಇರಲಿ ಬಿಡಲಿ, ಒಳಗೆ ಬನ್ನಿ, ಕೂತ್ಕೊಳ್ಳಿ ಅನ್ನುವ ನಿಯಮ.

ಇದು ಎಷ್ಟು ದೊಡ್ಡ ಉಪಕಾರ ಅನ್ನುವುದು ಡಿಸೆಂಬರ್‌ನಲ್ಲಿ ಗೊತ್ತಾಗುತ್ತದೆ. ಸಂತೆಯಲ್ಲಿ ಅಡ್ಡಾಡಿ ಬೆರಳು ಮರಗಟ್ಟಿದಾಗ ನಾನು ಒಳಗೆ ಹೋಗುತ್ತೇನೆ. ಅಲ್ಲಿ ಪರೀಕ್ಷೆಗೆ ಓದುವ ಹುಡುಗರು, ಹಾಲು ಕುಡಿಸುವ ತಾಯಂದಿರು, ಚೆಸ್ ಆಡುವ ಮುದುಕರು. ಒಂದು ಮನೆಯವರು ಫ್ಲಾಸ್ಕ್ ತೆಗೆದು ಮನೆಯಿಂದ ತಂದ ಚಹಾ ಹಂಚಿಕೊಳ್ಳುತ್ತಿದ್ದರು. ಹೊರಗೆ ಒಂದೇ ಒಂದು ಚುರೋಸ್ ಪೊಟ್ಟಣ ಕೊಂಡು ತಂದಿದ್ದರು. ಅದನ್ನು ಮಕ್ಕಳು ಸರದಿ ಪ್ರಕಾರ ಕಚ್ಚುತ್ತಿದ್ದರು. ಚಿಕ್ಕವಳು ಸಕ್ಕರೆ ಅಂಟಿದ ಬೆರಳನ್ನು ಕಿಟಕಿ ಗಾಜಿಗೆ ಒತ್ತಿ ಅಂಗಡಿಗಳ ದೀಪ ಎಣಿಸುತ್ತಿದ್ದಳು. ಅವರಿಗೂ ಸಂತೆ ಪೂರ್ತಿ ಸಿಕ್ಕಿತ್ತು.

ಅಲ್ಲಿಂದ ಪೂರ್ವಕ್ಕೆ ನಡೆದರೆ ವಾಟರ್‌ಲೂ ಸೇತುವೆ. ಯುದ್ಧದ ದಿನಗಳಲ್ಲಿ ಅದನ್ನು ಕಟ್ಟಿದವರಲ್ಲಿ ಹೆಂಗಸರು ಬಹಳ. 1945ರ ಉದ್ಘಾಟನೆಯ ಭಾಷಣದಲ್ಲಿ ಹೊಗಳಿದ್ದು ಗಂಡಸರನ್ನು ಮಾತ್ರ. ಆದರೂ ನದಿಯ ದೋಣಿಯವರು 'ಲೇಡೀಸ್ ಬ್ರಿಡ್ಜ್' ಅಂತ ಕರೆದು ನೆನಪನ್ನು ಉಳಿಸಿದರು. ಸೇತುವೆಯ ಕೆಳಗೆ ಹಳೆ ಪುಸ್ತಕದ ಸಂತೆ, ಮಳೆ ಬಂದರೂ ನೆನೆಯುವುದಿಲ್ಲ. ಅದರ ಪಕ್ಕದಲ್ಲೇ ಕಾಂಕ್ರೀಟ್ ಕಂಬಗಳ ನಡುವೆ ಸ್ಕೇಟ್‌ಬೋರ್ಡ್ ಹುಡುಗರ ಜಾಗ. 1970ರ ದಶಕದಿಂದ ಅವರು ಅಲ್ಲಿದ್ದಾರೆ. ಅಲ್ಲಿ ಅಂಗಡಿ ಕಟ್ಟುವ ಯೋಜನೆ ಬಂದಾಗ ಅವರು ಸಹಿ ಸಂಗ್ರಹ ಮಾಡಿ, ಹಟ ಹಿಡಿದು, 2014ರಲ್ಲಿ ಜಾಗ ಉಳಿಸಿಕೊಂಡರು. ಸಂತೆಯ ದಿನಗಳಲ್ಲಿ ಅವರ ಚಕ್ರದ ಸದ್ದು ಕ್ರಿಸ್‌ಮಸ್ ಕ್ಯಾರಲ್ ಹಾಡಿನ ಜೊತೆ ಸೇರಿಕೊಳ್ಳುತ್ತದೆ. ಆ ಸದ್ದು ಇರಬೇಕು.

ಇನ್ನೂ ಮುಂದೆ ಆಕ್ಸೋ ಟವರ್ ಸುತ್ತಲಿನ ಕಾಯಿನ್ ಸ್ಟ್ರೀಟ್. ಈ ಜಾಗದ ಕಥೆ ಎಲ್ಲರಿಗೂ ಗೊತ್ತಿರಬೇಕು ಅಂತ ನನ್ನ ಆಸೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸೌತ್‌ಬ್ಯಾಂಕ್ ಸುತ್ತ ಸುಮಾರು 50,000 ಜನ ಇದ್ದರು. 1970ರ ದಶಕದ ಹೊತ್ತಿಗೆ ಉಳಿದವರು 4,000. ಶಾಲೆ, ಅಂಗಡಿ ಒಂದೊಂದೇ ಮುಚ್ಚಿದವು. ಆಗ ನದಿಯಂಚಿಗೆ ಯುರೋಪಿನಲ್ಲೇ ಎತ್ತರದ ಹೋಟೆಲ್, ಹತ್ತು ಲಕ್ಷ ಚದರಡಿಗೂ ಜಾಸ್ತಿ ಕಚೇರಿ ಕಟ್ಟುತ್ತೇವೆ ಅಂತ ಯೋಜನೆ ಬಂತು. ಉಳಿದಿದ್ದ ಜನ ಒಪ್ಪಲಿಲ್ಲ. ನಮಗೆ ಮನೆ ಬೇಕು, ಪಾರ್ಕ್ ಬೇಕು, ನದಿಗೆ ದಾರಿ ಬೇಕು ಅಂದರು. ಏಳು ವರ್ಷ ಹೋರಾಡಿದರು. ಎರಡು ಸಲ ಸಾರ್ವಜನಿಕ ವಿಚಾರಣೆ ನಡೆಯಿತು. ಕೊನೆಗೆ 1984ರಲ್ಲಿ 13 ಎಕರೆ ನೆಲ, ಹತ್ತು ಲಕ್ಷ ಪೌಂಡಿಗೆ, ಅವರೇ ಕಟ್ಟಿಕೊಂಡ ಸಂಸ್ಥೆಯ ಕೈಗೆ ಬಂತು. ಹಳೆಯ ಕಟ್ಟಡಗಳನ್ನು ಕೆಡವಿ ನದಿ ದಂಡೆಯ ದಾರಿ ಪೂರ್ತಿ ಮಾಡಿದರು, ಪಾರ್ಕ್ ಮಾಡಿದರು, ಸಹಕಾರಿ ಮನೆಗಳನ್ನು ಕಟ್ಟಿದರು. ಆಕ್ಸೋ ಟವರ್‌ನಲ್ಲೂ ಅಂಥ ಮನೆಗಳಿವೆ, ನದಿಯ ನೇರಕ್ಕೆ. ಇವತ್ತು ನಾವು ಕೈಯಲ್ಲಿ ಬಿಸಿ ಲೋಟ ಹಿಡಿದು ಯಾವ ಯೋಚನೆಯೂ ಇಲ್ಲದೆ ನಡೆಯುವ ದಾರಿಯಲ್ಲಿ ಅವರ ಏಳು ವರ್ಷ ಇದೆ.

ಸಂತೆಯಿಂದ ಪಶ್ಚಿಮಕ್ಕೂ ಒಂದು ಸಲ ನಡೆಯಿರಿ. ಲಂಡನ್ ಐ ದಾಟಿ, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದರೆ ಗದ್ದಲ ಕಡಿಮೆಯಾಗುತ್ತದೆ. ಎಡಗಡೆಯ ಗೋಡೆಯ ಮೇಲೆ ಅರ್ಧ ಕಿಲೋಮೀಟರ್ ಉದ್ದಕ್ಕೂ ಕೆಂಪು ಹೃದಯಗಳು. ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್‌ನಲ್ಲಿ ಮನೆಯವರನ್ನು ಕಳೆದುಕೊಂಡವರೇ ಬಂದು ಬಿಡಿಸಲು ಶುರುಮಾಡಿದರು. ಈಗ ಎರಡು ಲಕ್ಷಕ್ಕೂ ಮೇಲೆ. ಬಣ್ಣ ಮಾಸಿದಾಗ ಸ್ವಯಂಸೇವಕರು ಮತ್ತೆ ತುಂಬುತ್ತಾರೆ. ಹಬ್ಬದ ದಿನಗಳಲ್ಲಿ ಯಾರಾದರೂ ಅಲ್ಲಿ ನಿಂತು ಒಂದು ಹೆಸರಿನ ಮೇಲೆ ಕೈಯಿಟ್ಟಿರುವುದು ಕಾಣುತ್ತದೆ. ಎದುರಿಗೇ, ನದಿಯ ಆಚೆ, ಪಾರ್ಲಿಮೆಂಟ್.

ಅದೇ ದಾರಿಯಲ್ಲಿ ಲ್ಯಾಂಬೆತ್ ಸೇತುವೆಯ ಕಡೆಗೆ ಹೋದರೆ ನಮ್ಮ ಬಸವಣ್ಣ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು. ಪ್ರತಿಮೆ ನಿಂತಿರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ, ಅಂದರೆ ಬ್ಯಾಜಲ್‌ಗೆಟ್ ನದಿಯನ್ನು ಕಿರಿದು ಮಾಡಿ ಗೆದ್ದುಕೊಂಡ ನೆಲದ ಮೇಲೆ. ಇಲ್ಲಿಗೆ ಬರುವ ಕನ್ನಡದವರು ಲಂಡನ್ ಐ ಹತ್ತಿರ ಫೋಟೊ ತೆಗೆಸಿಕೊಂಡು ಹಾಗೇ ಹೋಗಿಬಿಡುತ್ತಾರೆ. ಅರ್ಧ ಗಂಟೆ ನಡೆದರೆ ಸಾಕು, ದಯವಿಟ್ಟು ಹೋಗಿ ಬನ್ನಿ. ಇಲ್ಲೂ ಗೇಟ್ ಇಲ್ಲ, ಕಾಯಬೇಕಿಲ್ಲ.

ಇನ್ನೊಂದು ನದಿಯಂಚಿನ ಸಂತೆಯ ಮಾತು ಹೇಳದಿದ್ದರೆ ಬರಹ ಅರ್ಧವಾಗುತ್ತದೆ. ಟವರ್ ಬ್ರಿಡ್ಜ್ ಪಕ್ಕದ್ದು. ನೋಟದಲ್ಲಿ ಅದೇ ಮೇಲು ಅಂತ ಒಪ್ಪುತ್ತೇನೆ. 1894ರ ಸೇತುವೆಗೆ ದೀಪ ಹಾಕಿರುತ್ತಾರೆ, ಬೆಲ್ಫಾಸ್ಟ್ ಯುದ್ಧನೌಕೆ ಎದುರಿಗೇ ನಿಂತಿರುತ್ತದೆ, ಅಂಗಡಿಗಳು ಸ್ವಚ್ಛ. ಅದಕ್ಕೂ ಟಿಕೆಟ್ ಇಲ್ಲ. ಆದರೆ ಅಲ್ಲಿನ ಅಂಗಳ ಖಾಸಗಿ ಎಸ್ಟೇಟ್‌ಗೆ ಸೇರಿದ್ದು. ಲಂಡನ್ ಮೇಯರ್ ಕಚೇರಿ 2021ರವರೆಗೆ ಅಲ್ಲೇ ಇತ್ತು. ಆಗಲೂ ಅದರ ಬಾಗಿಲಿನ ಹೊರಗಿನ ನೆಲ ಊರಿನದಾಗಿರಲಿಲ್ಲ. ಅಲ್ಲಿ ಹಾಡಬೇಕೋ ಬೇಡವೋ, ಕ್ಯಾಮೆರಾ ಇಟ್ಟು ನಿಲ್ಲಬಹುದೋ ಇಲ್ಲವೋ ಅನ್ನುವುದನ್ನು ಹೇಳುವವರು ನೆಲದ ಮಾಲೀಕರು. ದೀಪ ಎರಡೂ ಕಡೆ ಒಂದೇ ಬಣ್ಣದ್ದು, ವೈನ್ ಒಂದೇ ರುಚಿಯದ್ದು. ಕಾಲಕೆಳಗಿನ ನೆಲ ಮಾತ್ರ ಬೇರೆ. ಸೌತ್‌ಬ್ಯಾಂಕ್‌ನಲ್ಲೂ ವರ್ಷ ವರ್ಷ ಗೂಡಂಗಡಿಗಳು ಜಾಸ್ತಿಯಾಗಿ ನಡೆಯುವ ದಾರಿ ಕಿರಿದಾಗುತ್ತಿರುವಂತೆ ನನಗೆ ಕಾಣುತ್ತದೆ. ಶನಿವಾರ ಸಂಜೆ ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಹೆಜ್ಜೆ ಹೆಜ್ಜೆಗೂ ನಿಲ್ಲಬೇಕು. ಅಂಗಡಿ ಇರಲಿ, ದಾರಿ ಮೊದಲು. ಅಲ್ಲಿನ ಸಲಹಾ ಪೆಟ್ಟಿಗೆಯಲ್ಲೂ ಇದನ್ನೇ ಬರೆದು ಹಾಕಿ ಬಂದಿದ್ದೇನೆ.

ಹೋಗುವವರಿಗೆ: ಮಂಗಳವಾರ ಬುಧವಾರದ ಮಧ್ಯಾಹ್ನ ಒಳ್ಳೆಯದು. ದಪ್ಪ ಸಾಕ್ಸ್ ಹಾಕಿಕೊಳ್ಳಿ, ನದಿಯ ಗಾಳಿ ಕಾಲಿನಿಂದಲೇ ಹತ್ತುತ್ತದೆ. 25ನೇ ತಾರೀಖು ಮಾತ್ರ ಬೇಡ, ಅವತ್ತು ಲಂಡನ್‌ನಲ್ಲಿ ಟ್ಯೂಬ್ ರೈಲೂ ಇಲ್ಲ, ಬಸ್ಸೂ ಇಲ್ಲ. ಸಂತೆ ನೋಡಿ ಮುಗಿದ ಮೇಲೂ ಕಾಲಲ್ಲಿ ಶಕ್ತಿ ಇದ್ದರೆ ದಂಡೆ ಹಿಡಿದು ಪೂರ್ವಕ್ಕೆ ಸದರ್ಕ್ ಬ್ರಿಡ್ಜ್‌ವರೆಗೆ ಹೋಗಿ. ಸೇತುವೆಯ ಕೆಳಗೆ ನಡೆಯುವ ದಾರಿಯ ಗೋಡೆಯಲ್ಲಿ, ಬೂದು ಸ್ಲೇಟ್ ಕಲ್ಲಿನ ಮೇಲೆ, ಶಿಲ್ಪಿ ರಿಚರ್ಡ್ ಕಿಂಡರ್ಸ್‌ಲಿ ಆ ಹಳೆಯ ಮಂಜಿನ ಸಂತೆಯನ್ನು ಕೆತ್ತಿದ್ದಾರೆ. ಬೆಳಕು ಕಡಿಮೆ, ಫೋನಿನ ಟಾರ್ಚ್ ಹಾಕಿ ನೋಡಿ.